ನಾಯಿಮರಿಯ ಬಹಿರ್ದೆಸೆಯ ಶಿಕ್ಷಣ

ಬೀದಿಯಲ್ಲಿ ಅನಾಥವಾಗಿ ದೊರೆತು ಮನೆ ಸೇರಿದ ಎಳೆಯ ನಾಯಿಗೆ ಮಲಮೂತ್ರ ವಿಸರ್ಜನೆಯನ್ನು ಹೊರಗೆ, ಗೊತ್ತಾದ ಸ್ಥಳದಲ್ಲಿ ಮಾಡಲು ಕಲಿಸುವ ಕ್ರಮ. ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನಲ್ಲಿ ಶ್ವಾನವು ಮೈಲಾರಲಿಂಗನ ಪರಿವಾರಕ್ಕೆ ಸೇರಿದ ಜೀವವೆಂಬ ಭಾವನೆಯಿದ್ದು, ಯಾದಗಿರಿ ಸಮೀಪದ ಮೈಲಾಪುರವು ಆ ದೇವರ ಪ್ರಸಿದ್ಧ ಕ್ಷೇತ್ರವಾಗಿದೆ; ಆದರೂ ಜವಾರಿ ನಾಯಿ ಬಹುಮಟ್ಟಿಗೆ ಅಂಗಳದಲ್ಲಿಯೇ ಬೆಳೆಯುವುದರಿಂದ, ಪಡಸಾಲೆ ದಾಟಿ ಒಳಬಂದ ಮರಿಗೆ ನೆಲವೆಲ್ಲವೂ ಒಂದೇ.

ಎರಡು ತಿಂಗಳ ಮರಿಯು ಹಗಲಿನಲ್ಲಿ ಸುಮಾರು 2 ಗಂಟೆಗಿಂತ ಹೆಚ್ಚು ಕಾಲ ಮೂತ್ರವನ್ನು ತಡೆಯಲಾರದು. ಆದಕಾರಣ ನಿದ್ದೆಯಿಂದ ಎದ್ದೊಡನೆ, ರೊಟ್ಟಿ ತಿಂದೊಡನೆ, ಆಟ ಮುಗಿದೊಡನೆ ಅದನ್ನು ಹಿತ್ತಲಿನ ಒಂದೇ ಮೂಲೆಗೆ ಕರೆದೊಯ್ಯತಕ್ಕದ್ದು. ಮೂಗನ್ನು ನೆಲಕ್ಕಿಟ್ಟು, ಸುತ್ತು ಹಾಕಿ, ಹಿಂಗಾಲು ಬಗ್ಗಿಸುವವರೆಗೆ ತಾಳ್ಮೆಯಿಂದ ಕಾದಿದ್ದು, ಕೆಲಸ ತೀರಿದ ಕೂಡಲೇ ರೊಟ್ಟಿಯ ಚೂರೊಂದನ್ನು ಕೊಟ್ಟು ತಲೆ ಸವರಬೇಕು. ಸ್ವಲ್ಪ ತಡವಾದರೂ ಆ ಬಹುಮಾನದ ಕಾರಣ ಅದಕ್ಕೆ ತಿಳಿಯದು. ಒಳಗೆ ತಪ್ಪಿದಾಗ ಮೂತಿಯನ್ನು ಆ ಹೊಲಸಿಗೇ ತಿಕ್ಕುವ ರೂಢಿಯು ಕ್ರೂರವೂ ನಿಷ್ಫಲವೂ ಆದುದು: ಬೀದಿಯಲ್ಲಿ ಏಟು ತಿಂದು ಬಂದ ಜೀವ ಇದರಿಂದ ಕಲಿಯುವುದು ಮನುಷ್ಯರ ಕಣ್ತಪ್ಪಿಸಿ ಮಂಚದಡಿ ಹೋಗುವುದನ್ನು ಮಾತ್ರ. ವಾಸನೆ ಉಳಿದೆಡೆಗೇ ಮರಿ ಮರಳುವುದರಿಂದ ನೆಲಕ್ಕೆ ಹಾಸಿದ ಶಹಾಬಾದಿ ಫರಸಿ ಕಲ್ಲುಗಳ ಸಂದುಗಳನ್ನು ಚೆನ್ನಾಗಿ ತೊಳೆಯಬೇಕು. ಬೇಸಿಗೆಯ ನಡುಹಗಲಲ್ಲಿ ಕಾದ ನೆಲವು ಎಳೆಯ ಅಂಗಾಲನ್ನು ಸುಡುವುದರಿಂದ, ಆ ಮೂಲೆಯು ಬೇವಿನ ನೆರಳಿನಲ್ಲಿರುವುದು ಲೇಸು.