ಪಿನ್ಯಾ ಕೊಲಾಡಾ: ಪೋರ್ಟೊ ರಿಕೊದ ಪಾನೀಯವೊಂದರ ಚರಿತ್ರೆ

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಸರ್ಕಾರವು 1978ರಲ್ಲಿ ಪಿನ್ಯಾ ಕೊಲಾಡಾವನ್ನು ತನ್ನ ಅಧಿಕೃತ ಪಾನೀಯವೆಂದು ಘೋಷಿಸಿತು. ಸ್ಪ್ಯಾನಿಷ್ ಭಾಷೆಯಲ್ಲಿ ‘ಸೋಸಿದ ಅನಾನಸ್’ ಎಂಬ ಅರ್ಥದ ಹೆಸರುಳ್ಳ ಈ ಕಾಕ್‌ಟೇಲ್, ಅಂದರೆ ಮಿಶ್ರ ಮದ್ಯ, ರಮ್, ಅನಾನಸ್ ರಸ ಮತ್ತು ಸಕ್ಕರೆ ಬೆರೆಸಿದ ತೆಂಗಿನ ಕೆನೆಯನ್ನು ಮಂಜುಗಡ್ಡೆಯೊಡನೆ ಅರೆಯುವುದರಿಂದ ಸಿದ್ಧವಾಗುತ್ತದೆ. ಪ್ರವಾಸಿಗರ ಕಣ್ಣಿಗೆ ಇದು ದ್ವೀಪದ ಪುರಾತನ ಜನಪದ ಪಾನೀಯದಂತೆ ಕಂಡರೂ, ಇದರ ಇಂದಿನ ರೂಪವು 20ನೆಯ ಶತಮಾನದ ನಡುಭಾಗದಲ್ಲಿ, ವಸಾಹತು ತೋಟಗಾರಿಕೆ, ತೆರಿಗೆ ನೀತಿ, ಯುದ್ಧಕಾಲದ ಅಭಾವ ಮತ್ತು ಪ್ರವಾಸೋದ್ಯಮಗಳು ಒಂದೆಡೆ ಕೂಡಿದಾಗ ರೂಪುಗೊಂಡದ್ದು.

ಇದರ ಮೂರು ಪದಾರ್ಥಗಳಲ್ಲಿ ಅಮೆರಿಕ ಖಂಡಗಳ ಮಣ್ಣಿನದು ಅನಾನಸ್ ಒಂದೇ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ ಮೂಲನಿವಾಸಿಗಳ ಕೃಷಿಯಿಂದ ದ್ವೀಪಗಳಿಗೆ ಹಬ್ಬಿದ್ದ ಈ ಹಣ್ಣನ್ನು ಕೊಲಂಬಸ್‌ನ ತಂಡವು 1493ರಲ್ಲಿ, ತನ್ನ ಎರಡನೆಯ ಯಾತ್ರೆಯ ಕಾಲಕ್ಕೆ, ಗ್ವಾಡೆಲೂಪ್ ದ್ವೀಪದಲ್ಲಿ ಕಂಡಿತು. ಅದೇ ಯಾತ್ರೆಯ ಹಡಗುಗಳು ಕಬ್ಬಿನ ತುಂಡುಗಳನ್ನು ಆ ಸಮುದ್ರಕ್ಕೆ ತಂದವು. ನ್ಯೂಗಿನಿಯ ಕಡೆಯಿಂದ ಬಂದ ಕಬ್ಬಿನ ರಸವನ್ನು ಹರಳುಗಟ್ಟಿಸಿ ಸಕ್ಕರೆ ಮಾಡುವ ವಿದ್ಯೆ ಭಾರತದಲ್ಲಿ ಬೆಳೆದು, ಪರ್ಷಿಯಾ ಮತ್ತು ಅರಬ್ ನಾಡುಗಳ ಮೂಲಕ ಮೆಡಿಟರೇನಿಯನ್ ತೀರವನ್ನೂ ಆಮೇಲೆ ಅಟ್ಲಾಂಟಿಕ್ ದ್ವೀಪಗಳನ್ನೂ ಸೇರಿತ್ತು. ತೆಂಗು ಕೂಡ ಪರದೇಶದ್ದೇ: ಹಿಂದೂ ಮಹಾಸಾಗರದ ತೀರಗಳ ತಳಿಯನ್ನು ಪೋರ್ಚುಗೀಸರು ಕೇಪ್ ವರ್ಡ್ ದ್ವೀಪಗಳಿಗೆ ಒಯ್ದರು, ಅಲ್ಲಿಂದ ಅದು 16ನೆಯ ಶತಮಾನದಲ್ಲಿ ಕೆರಿಬಿಯನ್ನಿಗೆ ದಾಟಿತು. ಅದೇ ಪೋರ್ಚುಗೀಸರು ಅನಾನಸನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರಾದ್ದರಿಂದ, ಬನವಾಸಿ ಸೀಮೆಯ ಇಂದಿನ ಅನಾನಸ್ ತೋಟಗಳೂ ಪೋರ್ಟೊ ರಿಕೊದ ತೆಂಗಿನ ಸಾಲುಗಳೂ ಒಂದೇ ಸಾಗರ ವ್ಯಾಪಾರದ ಫಲಗಳಾಗಿವೆ.

ಈ ಮೂರರಲ್ಲಿ ಚರಿತ್ರೆಯ ಭಾರವನ್ನು ಹೆಚ್ಚು ಹೊತ್ತದ್ದು ರಮ್. ಕಬ್ಬಿನ ರಸವನ್ನು ಕಾಯಿಸಿ ಸಕ್ಕರೆಯ ಹರಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ ಎಂದು ಹೆಸರು. ಇದಕ್ಕೆ ನೀರು ಬೆರೆಸಿ ಹುದುಗಿಸಿ, ಆ ಹುದುಗನ್ನು ಬಟ್ಟಿ ಇಳಿಸಿದರೆ ರಮ್ ದೊರೆಯುತ್ತದೆ. 17ನೆಯ ಶತಮಾನದ ನಡುವಿನಲ್ಲಿ ಇಂಗ್ಲಿಷರ ವಶದಲ್ಲಿದ್ದ ಬಾರ್ಬಡೋಸ್ ದ್ವೀಪದ ತೋಟಗಳಲ್ಲಿ ಇದರ ತಯಾರಿಕೆ ದೊಡ್ಡ ಪ್ರಮಾಣಕ್ಕೆ ಏರಿತು. ಗಾಣ, ಕುದಿಯುವ ಕೊಪ್ಪರಿಗೆ ಮತ್ತು ಬಟ್ಟಿಗಳ ದುಡಿಮೆಯೆಲ್ಲ ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರ ಮೇಲೆ ಬಿದ್ದಿತ್ತು, ಮತ್ತು ಹಾಗೆ ತಯಾರಾದ ರಮ್ ಆಫ್ರಿಕದ ತೀರದಲ್ಲಿ ಇನ್ನಷ್ಟು ಗುಲಾಮರನ್ನು ಕೊಳ್ಳುವ ವಿನಿಮಯದ ಸರಕೂ ಆಯಿತು. ಪೋರ್ಟೊ ರಿಕೊದಲ್ಲಿ ಸ್ಪೇನಿನ ಅರಸರು ತಮ್ಮ ದೇಶದ ದ್ರಾಕ್ಷಿ ಮದ್ಯದ ಮಾರುಕಟ್ಟೆಯನ್ನು ಕಾಯಲು ಕಬ್ಬಿನ ಮದ್ಯವನ್ನು ದೀರ್ಘಕಾಲ ಹತ್ತಿಕ್ಕಿದರು. ಹೀಗಾಗಿ ಅಲ್ಲಿನ ಹಳ್ಳಿಗಳಲ್ಲಿ ‘ಪಿತೋರೊ’ ಎಂಬ ಕಳ್ಳಭಟ್ಟಿಯ ಸಂಪ್ರದಾಯ ಬೇರೂರಿತು. ಪೋನ್ಸೆ ನಗರದ ಸೆರಾಯೆಸ್ ಮನೆತನ ತನ್ನ ಕಬ್ಬಿನ ತೋಟದಲ್ಲಿ ರಮ್ ತಯಾರಿಸಲು ತೊಡಗಿದ್ದು 1865ರಲ್ಲಿ. ದ್ವೀಪದಲ್ಲಿ ಗುಲಾಮಗಿರಿ ರದ್ದಾದದ್ದು 1873ರಲ್ಲಿ.

1898ರ ಯುದ್ಧದಲ್ಲಿ ಸೋತ ಸ್ಪೇನ್ ಈ ದ್ವೀಪವನ್ನು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಿಟ್ಟುಕೊಟ್ಟಿತು. ಅಮೆರಿಕದ ಆಡಳಿತದಡಿ ಬಂದ ಪಾನನಿರೋಧದ ವರ್ಷಗಳು ಮುಗಿದ ಬಳಿಕ ರಮ್ ಉದ್ಯಮವು ಚೇತರಿಸಿಕೊಂಡಿತು, ಮತ್ತು ಅಮೆರಿಕದ ಮುಖ್ಯ ನಾಡಿನಲ್ಲಿ ಮಾರಾಟವಾಗುವ ಪೋರ್ಟೊ ರಿಕೊ ರಮ್ಮಿನ ಮೇಲಿನ ಅಬಕಾರಿ ಸುಂಕವು ದ್ವೀಪದ ಖಜಾನೆಗೇ ಮರಳುವ ವ್ಯವಸ್ಥೆಯು ಆ ಉದ್ಯಮವನ್ನು ಸರ್ಕಾರದ ಆದಾಯದ ಮೂಲವಾಗಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಸ್ಕಿ ಕಾರ್ಖಾನೆಗಳು ಯುದ್ಧ ಸಾಮಗ್ರಿಗೆ ಬೇಕಾದ ಕೈಗಾರಿಕಾ ಮದ್ಯಸಾರ ತಯಾರಿಸಲು ತಿರುಗಿದಾಗ, ಕೊರತೆಯನ್ನು ರಮ್ ತುಂಬಿತು ಮತ್ತು ಸುಂಕದ ಹಣ ಹಿಂದೆಂದೂ ಇಲ್ಲದಷ್ಟು ಹರಿದುಬಂತು. ರಾಜಕಾರಣಿ ಲೂಯಿಸ್ ಮುನ್ಯೋಜ್ ಮರೀನ್ ಅವರ ನಾಯಕತ್ವದಲ್ಲಿ ದ್ವೀಪವನ್ನು ಕಬ್ಬಿನ ಅವಲಂಬನೆಯಿಂದ ಬಿಡಿಸಿ ಕೈಗಾರಿಕೆ ಮತ್ತು ಪ್ರವಾಸೋದ್ಯಮದತ್ತ ಒಯ್ಯುವ ಯೋಜನೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿಯೇ. ಸರ್ಕಾರದ ಕೈಗಾರಿಕಾಭಿವೃದ್ಧಿ ಸಂಸ್ಥೆಯೇ ರಾಜಧಾನಿ ಸಾನ್ ಹ್ವಾನ್‌ನ ಕಡಲ ತೀರದಲ್ಲಿ ಸುಮಾರು 300 ಕೋಣೆಗಳ ಹೋಟೆಲೊಂದನ್ನು ಕಟ್ಟಿ, ಅದರ ಆಡಳಿತವನ್ನು ಹಿಲ್ಟನ್ ಕಂಪನಿಗೆ ವಹಿಸಿತು; ಕರೀಬೆ ಹಿಲ್ಟನ್ ಎಂಬ ಆ ಹೋಟೆಲು 1949ರ ಡಿಸೆಂಬರಿನಲ್ಲಿ ತೆರೆಯಿತು.

ಅದೇ ಸುಮಾರಿಗೆ ಪೋರ್ಟೊ ರಿಕೊ ವಿಶ್ವವಿದ್ಯಾಲಯದ ಕೃಷಿ ಪ್ರಾಧ್ಯಾಪಕ ರಮೋನ್ ಲೋಪೆಜ್ ಇರಿಸಾರಿ ಅವರು ತೆಂಗಿನ ತಿರುಳಿನಿಂದ ಕೆನೆಯನ್ನು ಸುಲಭವಾಗಿ ತೆಗೆದು, ಸಕ್ಕರೆಯೊಡನೆ ಹದವಾಗಿ ಬೆರೆಸುವ ವಿಧಾನವನ್ನು ಕಂಡುಹಿಡಿದರು. ಕೋಕೊ ಲೋಪೆಜ್ ಎಂಬ ಹೆಸರಿನಲ್ಲಿ ಡಬ್ಬಿಗಳಲ್ಲಿ ಮಾರಾಟಕ್ಕೆ ಬಂದ ಈ ಕೆನೆ, ತುರಿದು ಹಿಂಡುವ ಶ್ರಮವನ್ನು ಇಲ್ಲವಾಗಿಸಿದ್ದಲ್ಲದೆ ಪ್ರತಿ ಲೋಟಕ್ಕೂ ಒಂದೇ ರುಚಿಯನ್ನು ಖಚಿತಪಡಿಸಿತು. ಹೋಟೆಲಿನ ಕಥನದ ಪ್ರಕಾರ, ಅಲ್ಲಿನ ಬಾರ್‌ಟೆಂಡರ್ ರಮೋನ್ ಮರೇರೊ ಮೂರು ತಿಂಗಳ ಪ್ರಯೋಗದ ಬಳಿಕ 1954ರಲ್ಲಿ ಈ ಕೆನೆಯನ್ನು ರಮ್ ಮತ್ತು ಅನಾನಸ್ ರಸದೊಡನೆ ಕೂಡಿಸಿ ಪಿನ್ಯಾ ಕೊಲಾಡಾವನ್ನು ಅತಿಥಿಗಳ ಮುಂದಿಟ್ಟರು.

ಈ ಹಿರಿಮೆಗೆ ಬೇರೆ ಹಕ್ಕುದಾರರೂ ಇದ್ದಾರೆ. ಅದೇ ಹೋಟೆಲಿನ ಇನ್ನೊಬ್ಬ ನೌಕರ ರಿಕಾರ್ಡೊ ಗಾರ್ಸಿಯಾ ತಾನೇ ಇದರ ಕರ್ತೃವೆಂದು ಹೇಳಿಕೊಂಡರು. ಹಳೆಯ ಸಾನ್ ಹ್ವಾನ್‌ನ ಬರಾಚಿನಾ ಎಂಬ ಉಪಾಹಾರ ಗೃಹದ ಫಲಕವು 1963ರಲ್ಲಿ ರಮೋನ್ ಪೋರ್ತಾಸ್ ಮಿಂಗೋಟ್ ಇದನ್ನು ಅಲ್ಲಿ ಮೊದಲು ತಯಾರಿಸಿದರೆಂದು ಸಾರುತ್ತದೆ. 1825ರಲ್ಲಿ ಮರಣದಂಡನೆಗೆ ಒಳಗಾದ ಕಡಲ್ಗಳ್ಳ ರೊಬೆರ್ತೊ ಕೊಫ್ರೆಸಿ ತನ್ನ ನಾವಿಕರಿಗೆ ಇಂಥದೇ ಮಿಶ್ರಣ ಕೊಡುತ್ತಿದ್ದನೆಂಬುದು ದಂತಕಥೆ ಮಾತ್ರ. ಆದರೆ ರಮ್, ಅನಾನಸ್ ಮತ್ತು ತೆಂಗಿನ ಹಾಲಿನ ಪಿನ್ಯಾ ಕೊಲಾಡಾ ಕ್ಯೂಬಾದ್ದೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1950ರ ಏಪ್ರಿಲಿನಲ್ಲೇ ಬರೆದಿದ್ದು, ಆ ವೇಳೆಗಾಗಲೇ ಈ ಮಿಶ್ರಣ ಕೆರಿಬಿಯನ್ನಿನಲ್ಲಿ ಬಳಕೆಯಲ್ಲಿತ್ತೆಂಬುದನ್ನು ತೋರಿಸುತ್ತದೆ. ಆದ್ದರಿಂದ ಮರೇರೊ ಅವರದು ಮೊದಲ ಕಲ್ಪನೆ ಎನ್ನುವುದಕ್ಕಿಂತ, ಚಾಲ್ತಿಯಲ್ಲಿದ್ದ ರುಚಿಯೊಂದಕ್ಕೆ ಡಬ್ಬಿಯ ಕೆನೆಯ ನೆರವಿನಿಂದ ಸ್ಥಿರ ರೂಪ ಕೊಟ್ಟ ಕೆಲಸ ಎನ್ನುವುದು ಹೆಚ್ಚು ಸರಿ.

ಡಬ್ಬಿಯ ಕೆನೆ ಮತ್ತು ವಿದ್ಯುತ್ ಮಿಕ್ಸಿ ಇವೆರಡೂ ಈ ಪಾನೀಯವನ್ನು ಹೋಟೆಲಿನ ಕಟ್ಟೆಯಿಂದ ಮನೆಯ ಅಡುಗೆಮನೆಗೆ ದಾಟಿಸಿದವು. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಅಳತೆಯಂತೆ 50 ಮಿಲಿಲೀಟರ್ ಬಿಳಿ ರಮ್, 50 ಮಿಲಿಲೀಟರ್ ತಾಜಾ ಅನಾನಸ್ ರಸ ಮತ್ತು 30 ಮಿಲಿಲೀಟರ್ ತೆಂಗಿನ ಕೆನೆಯನ್ನು ಮಂಜುಗಡ್ಡೆಯೊಡನೆ ನುಣ್ಣಗೆ ಅರೆದು, ದೊಡ್ಡ ಲೋಟಕ್ಕೆ ಸುರಿದು, ಅನಾನಸ್ ಹೋಳಿನಿಂದ ಅಲಂಕರಿಸಲಾಗುತ್ತದೆ. ಇಲ್ಲಿನ ಕೆನೆಯು ಸಕ್ಕರೆ ಸೇರಿದ ಗಟ್ಟಿ ಪದಾರ್ಥವಾದ್ದರಿಂದ, ಅದರ ಬದಲಿಗೆ ಮನೆಯಲ್ಲಿ ಹಿಂಡಿದ ಕಾಯಿಹಾಲನ್ನು ಬಳಸುವವರು ನೀರು ಕಡಿಮೆ ಇರುವ ಮೊದಲ ಹಾಲನ್ನಷ್ಟೇ ತೆಗೆದುಕೊಂಡು ಸಕ್ಕರೆಯನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಪೋರ್ಟೊ ರಿಕೊದ ಮನೆಗಳಲ್ಲಿ ಕ್ರಿಸ್‌ಮಸ್ ಕಾಲಕ್ಕೆ ತೆಂಗಿನ ಹಾಲು, ರಮ್ ಮತ್ತು ದಾಲ್ಚಿನ್ನಿಯಿಂದ ‘ಕೊಕೀತೊ’ ಎಂಬ ಪಾನೀಯ ಮಾಡುವ ರೂಢಿಯಿರುವುದರಿಂದ, ತೆಂಗು ಮತ್ತು ರಮ್ಮಿನ ಜೋಡಿ ಅಲ್ಲಿನ ಜನರಿಗೆ ಹೊರಗಿನದೆಂದು ತೋರುವುದಿಲ್ಲ.

ಪಿನ್ಯಾ ಕೊಲಾಡಾದ ಕೀರ್ತಿ ಯಾವ ಬಾರ್‌ಟೆಂಡರನಿಗೆ ಸಲ್ಲಬೇಕೆಂಬ ವಿವಾದಕ್ಕಿಂತ, ಅದನ್ನು ಸಾಧ್ಯವಾಗಿಸಿದ ಕಬ್ಬಿನ ಕೂಲಿಗಳು ಆ ಕಥನದಲ್ಲಿ ಎಲ್ಲಿಯೂ ಕಾಣಿಸದಿರುವುದು ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಗಂಭೀರವಾದದ್ದು. ದ್ವೀಪದ ಕೊನೆಯ ಸಕ್ಕರೆ ಕಾರ್ಖಾನೆಗಳು 2000ದಲ್ಲಿ ಮುಚ್ಚಿದವು. ಇಂದು ಪೋರ್ಟೊ ರಿಕೊದ ರಮ್ಮಿಗೆ ಬೇಕಾಗುವ ಕಾಕಂಬಿಯ ಬಹುಪಾಲು ಹೊರನಾಡುಗಳಿಂದ ಆಮದಾಗುತ್ತಿದೆ.