ಯಂತ್ರಕ್ಕೋ ವ್ಯಕ್ತಿಗೋ: ಆ್ಯಪ್ ಪರವಾನಗಿಯ ಗೊಂದಲ ನಡೆದುಬಂದ ದಾರಿ

ಟ್ಯಾಬ್ಲೆಟ್‌ಗೆಂದು ಹಣ ಕೊಟ್ಟು ಪಡೆದ ಆ್ಯಪ್, ಅದೇ ಹೆಸರು ಅದೇ ಚಿಹ್ನೆ ಹೊತ್ತಿದ್ದರೂ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಮತ್ತೆ ಹಣ ಕೇಳುವುದನ್ನು ಕಂಡು ಬಳಕೆದಾರರು ಗೊಂದಲಕ್ಕೀಡಾಗುವುದು ಸಹಜ. ಇದನ್ನು ಮಾರಾಟಗಾರರ ದುರಾಸೆಯೆಂದಷ್ಟೇ ಬಗೆಯುವವರುಂಟು. ಆದರೆ ಪರವಾನಗಿಯನ್ನು ಯಂತ್ರಕ್ಕೆ ಕೊಡಬೇಕೇ, ವ್ಯಕ್ತಿಗೆ ಕೊಡಬೇಕೇ ಎಂಬ ಪ್ರಶ್ನೆಯನ್ನು ತಂತ್ರಾಂಶ ಉದ್ಯಮವು ಒಂದೊಂದು ಕಾಲದಲ್ಲಿ ಒಂದೊಂದು ರೀತಿ ಬಗೆಹರಿಸುತ್ತ ಬಂದುದೇ ಇದರ ನಿಜವಾದ ಮೂಲ.

1969ರ ಜೂನ್‌ನಲ್ಲಿ ಐಬಿಎಂ ಸಂಸ್ಥೆಯು ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಇಡುವುದಾಗಿ ಘೋಷಿಸುವವರೆಗೆ ಅದು ಬಹುಮಟ್ಟಿಗೆ ಯಂತ್ರದ ಜೊತೆಗೇ ಬರುತ್ತಿದ್ದುದರಿಂದ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಬೆಲೆ ಬೇರೆಯಾದ ಮೇಲೆ ನಕಲಿನ ಭಯವೂ ಬಂತು. 1976ರ ಫೆಬ್ರುವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿ ಕಂಪ್ಯೂಟರ್ ಬಳಕೆದಾರರಿಗೆ ಬರೆದ ಬಹಿರಂಗ ಪತ್ರದಲ್ಲಿ, ತಮ್ಮ ಬೇಸಿಕ್ ತಂತ್ರಾಂಶವನ್ನು ಹೆಚ್ಚಿನವರು ಹಣ ಕೊಡದೆ ಬಳಸುತ್ತಿದ್ದಾರೆಂದು ಆಕ್ಷೇಪಿಸಿದರು. ಅಮೆರಿಕವು 1980ರಲ್ಲಿ, ಭಾರತವು 1984ರಲ್ಲಿ ತಮ್ಮ ಕೃತಿಸ್ವಾಮ್ಯ ಕಾಯ್ದೆಗಳನ್ನು ತಿದ್ದಿ ಕಂಪ್ಯೂಟರ್ ಪ್ರೋಗ್ರಾಮ್‌ಗಳಿಗೂ ರಕ್ಷಣೆ ನೀಡಿದವು. ಅಷ್ಟರಲ್ಲಿ ಪರವಾನಗಿಯ ಪದ್ಧತಿ, ಎಂದರೆ ಕೃತಿಯ ಒಡೆತನವನ್ನು ತಯಾರಕರೇ ಉಳಿಸಿಕೊಂಡು, ಗೊತ್ತಾದ ಷರತ್ತುಗಳ ಮೇಲೆ ಬಳಕೆಯ ಅನುಮತಿಯನ್ನು ಮಾತ್ರ ಕೊಡುವ ಏರ್ಪಾಡು, ನೆಲೆಯೂರಿತ್ತು.

ಆ ಅನುಮತಿ ಯಾವುದಕ್ಕೆ ಅಂಟಿಕೊಂಡಿರಬೇಕೆಂಬುದರಲ್ಲಿ ಮಾತ್ರ ಒಮ್ಮತವಿರಲಿಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕಪತ್ರದ ತಂತ್ರಾಂಶವು ಮೂಲ ಫ್ಲಾಪಿಯನ್ನು ಡ್ರೈವ್‌ನಲ್ಲಿಟ್ಟ ಹೊರತು ತೆರೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಅಲ್ಲಿ ಫ್ಲಾಪಿಯೇ ಪರವಾನಗಿ. ಅದೇ ವರ್ಷ ಟರ್ಬೊ ಪ್ಯಾಸ್ಕಲ್ ಹೊರತಂದ ಬೋರ್ಲೆಂಡ್ ಸಂಸ್ಥೆಯದು ತೀರ ಭಿನ್ನವಾದ ನಿಲುವು. ಅದರ ಪರವಾನಗಿಯು ತಂತ್ರಾಂಶವನ್ನು ಪುಸ್ತಕದಂತೆ ಬಳಸಲು ಬಿಡುತ್ತಿತ್ತು: ಎಷ್ಟು ಜನ ಬೇಕಾದರೂ ಬಳಸಬಹುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯಬಹುದು, ಆದರೆ ಒಂದೇ ಹೊತ್ತಿಗೆ ಎರಡು ಕಡೆ ಬಳಕೆಯಾಗಕೂಡದು. ಇಷ್ಟು ಸರಳವೂ ನ್ಯಾಯವೂ ಆದ ಕರಾರು ಉದ್ಯಮದ ಸಾಮಾನ್ಯ ನಿಯಮವಾಗದೆ ಹೋದದ್ದು ಬಳಕೆದಾರರಿಗಾದ ದೊಡ್ಡ ನಷ್ಟವೆಂದೇ ಹೇಳಬೇಕು.

2008ರ ಜುಲೈನಲ್ಲಿ ತೆರೆದ ಆ್ಯಪಲ್‌ನ ಆ್ಯಪ್ ಸ್ಟೋರ್ ಖರೀದಿಯನ್ನು ಗ್ರಾಹಕರ ಖಾತೆಗೆ ಜೋಡಿಸಿತು. ಫೋನ್ ಬದಲಾದರೂ ಕೊಂಡದ್ದು ಉಳಿಯುತ್ತಿತ್ತು. ಪರವಾನಗಿ ಕೊನೆಗೂ ವ್ಯಕ್ತಿಯ ಕೈಗೆ ಬಂತೆಂಬ ಭಾವನೆ ಮೂಡಿದ್ದು ಆಗಲೇ. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್, 2011ರ ಜನವರಿಯಲ್ಲಿ ಮ್ಯಾಕ್ ಆ್ಯಪ್ ಸ್ಟೋರ್ ಬಂದಾಗ ಆ ಭಾವನೆಗೆ ಪೆಟ್ಟು ಬಿತ್ತು. ಖಾತೆ ಒಂದೇ ಆಗಿದ್ದರೂ ಮಳಿಗೆಗಳು ಎರಡು, ಪ್ರೋಗ್ರಾಮ್‌ಗಳೂ ಎರಡು. ಐಪ್ಯಾಡ್‌ನ ಆ್ಯಪ್ ಎಆರ್‌ಎಂ ಬಗೆಯ ಸಂಸ್ಕಾರಕಕ್ಕೆ ಸಿದ್ಧವಾದದ್ದು. ಆಗಿನ ಮ್ಯಾಕ್‌ನದು ಇಂಟೆಲ್ ಸಂಸ್ಕಾರಕಕ್ಕೆ, ಬೇರೆಯದೇ ಸಾಧನಗಳಿಂದ ಕಟ್ಟಿದ್ದು. ಬೆರಳಿನ ಸ್ಪರ್ಶಕ್ಕೆ ರೂಪಿಸಿದ ಪರದೆಯನ್ನು ಮೌಸ್‌ಗೆಂದು ಹೊಸದಾಗಿ ಬರೆಯಬೇಕಿದ್ದ ತಯಾರಕರು ಎರಡು ಬೆಲೆ ಕೇಳಿದ್ದರಲ್ಲಿ ನ್ಯಾಯವಿಲ್ಲದಿಲ್ಲ. 2017ರ ಥಿಂಗ್ಸ್ 3 ಎಂಬ ಕೆಲಸಗಳ ಪಟ್ಟಿಯ ಆ್ಯಪ್ ಇದಕ್ಕೆ ಒಳ್ಳೆಯ ನಿದರ್ಶನ: ಐಫೋನ್‌ಗೆ ಸುಮಾರು 10 ಡಾಲರ್, ಐಪ್ಯಾಡ್‌ಗೆ 20, ಮ್ಯಾಕ್‌ಗೆ 50, ಹೀಗೆ ಮೂರು ಬೇರೆ ಖರೀದಿಗಳು.

ವಿಂಡೋಸ್ ಲೋಕದಲ್ಲಿ ಗೊಂದಲ ಇನ್ನೂ ತೀವ್ರವಾಗಿತ್ತು. 2012ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಸರ್ಫೇಸ್ ಟ್ಯಾಬ್ಲೆಟ್‌ನಲ್ಲಿ ವಿಂಡೋಸ್ ಆರ್‌ಟಿ ಎಂಬ ಆವೃತ್ತಿಯಿತ್ತು. ಪರಿಚಿತ ಡೆಸ್ಕ್‌ಟಾಪ್ ಪರದೆ ಅದರಲ್ಲಿ ಕಾಣಿಸಿಕೊಂಡರೂ, ಗ್ರಾಹಕರ ಬಳಿ ಪರವಾನಗಿಯ ಕೀಲಿ ಇದ್ದರೂ, ಹಳೆಯ ವಿಂಡೋಸ್ ಪ್ರೋಗ್ರಾಮ್‌ಗಳನ್ನು ಅದರಲ್ಲಿ ಅಳವಡಿಸಲಾಗುತ್ತಿರಲಿಲ್ಲ. ಜೊತೆಗೆ ಬಂದ ಆಫೀಸ್ ತಂತ್ರಾಂಶದ ಪರವಾನಗಿಯು ವಾಣಿಜ್ಯ ಬಳಕೆಯನ್ನು ಒಳಗೊಂಡಿರಲಿಲ್ಲ. ಮರುವರ್ಷ ಆ ಸಂಸ್ಥೆಯು ಈ ಸಾಧನದ ದಾಸ್ತಾನಿಗಾಗಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಹಣ ಕೊಟ್ಟವರಿಗೆ ನಿಜವಾಗಿ ಸಿಗುವುದೇನೆಂಬ ಪ್ರಶ್ನೆ ಇದೇ ದಶಕದಲ್ಲಿ ಕರ್ನಾಟಕದಲ್ಲಿ ತೆರಿಗೆ ವಿವಾದವಾಗಿ ಎದ್ದಿತ್ತು. ವಿದೇಶಿ ತಂತ್ರಾಂಶಕ್ಕೆ ಕೊಟ್ಟ ಹಣವು ಕೃತಿಸ್ವಾಮ್ಯದ ಬಳಕೆಗೆ ಸಲ್ಲುವ ರಾಯಧನವೆಂದು 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪಿತ್ತಿತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ಒಪ್ಪಲಿಲ್ಲ. ಕೃತಿಸ್ವಾಮ್ಯದ ಯಾವ ಹಕ್ಕೂ ಕೊನೆಯ ಬಳಕೆದಾರರಿಗೆ ವರ್ಗವಾಗುವುದಿಲ್ಲ, ಅವರಿಗೆ ದೊರೆಯುವುದು ತಂತ್ರಾಂಶದ ಪ್ರತಿಯನ್ನು ಬಳಸುವ ಸೀಮಿತ ಅನುಮತಿ ಮಾತ್ರ ಎಂದು ಅದು ಸ್ಪಷ್ಟಪಡಿಸಿತು.

ಈ ನಡುವೆ ಹಲವು ತಯಾರಕರು, ಒಮ್ಮೆ ಕೊಂಡರೆ ಕಾಯಂ ಎಂಬ ಪದ್ಧತಿಯನ್ನೇ ಬಿಟ್ಟು, ಎಲ್ಲ ಸಾಧನಗಳಿಗೂ ಅನ್ವಯಿಸುವ ಚಂದಾ ಪದ್ಧತಿಯತ್ತ ಹೊರಳಿದರು. 2014ರ ಮಾರ್ಚ್‌ನಲ್ಲಿ ಐಪ್ಯಾಡ್‌ಗೆ ಬಂದ ಆಫೀಸ್ ಉಚಿತವಾಗಿ ಓದಲು ಬಿಟ್ಟು, ತಿದ್ದಲು ಚಂದಾ ಕೇಳಿತು. ಆ್ಯಪಲ್ 2020ರ ಮಾರ್ಚ್‌ನಲ್ಲಿ, ಒಂದು ಖರೀದಿ ಐಪ್ಯಾಡ್‌ಗೂ ಮ್ಯಾಕ್‌ಗೂ ಸಲ್ಲುವಂತೆ ತನ್ನ ಮಳಿಗೆಗಳನ್ನು ಜೋಡಿಸಿತು. ಆದರೆ ಅದಕ್ಕೆ ಎರಡೂ ಆವೃತ್ತಿಗಳು ಒಂದೇ ಗುರುತುಸಂಖ್ಯೆಯಡಿ, ಎಂದರೆ ಮಳಿಗೆಯು ಖರೀದಿಯ ಲೆಕ್ಕವಿಡುವ ಸಂಕೇತದಡಿ, ಇರಬೇಕಿತ್ತು. ಹಾಗೆ ಸೇರಿಸುವುದೂ ಬಿಡುವುದೂ ತಯಾರಕರ ಇಚ್ಛೆಗೆ ಸೇರಿತ್ತು. ಹೀಗಾಗಿ ಒಂದೇ ಮಳಿಗೆಯಲ್ಲಿ ಒಂದು ಆ್ಯಪ್ ಎರಡೂ ಸಾಧನಗಳಿಗೆ ಸಲ್ಲುತ್ತದೆ, ಅದರ ಪಕ್ಕದ್ದು ಸಲ್ಲುವುದಿಲ್ಲ.