ಟರ್ಬೊ ಕಾರಿಗೆ ಸಿಸಿ ಹೆಚ್ಚಿಸಬೇಕೇ?



ಕೂಟದ ಯುಗಾದಿ ಊಟದ ಸಾಲಿನಲ್ಲಿ ಮಾತು ಮನೆಸಾಲ, ಗ್ರೀನ್ ಕಾರ್ಡ್ ಎಲ್ಲ ಮುಗಿಸಿ ಕೊನೆಗೆ ಕಾರಿಗೆ ಬಂದು ನಿಲ್ಲುತ್ತದೆ. ಹಳೆಯ ಟರ್ಬೊ ಕಾರು ಕೊಂಡ ಗೆಳೆಯರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಇದ್ದ ದುಡ್ಡಿನಲ್ಲಿ ಎಂಜಿನ್ನಿನ ಸಿಸಿ ಹೆಚ್ಚಿಸೋಣವೋ, ಬೇರೆ ಏನಾದರೂ ಮಾಡಿಸೋಣವೋ? ಈ ಲೆಕ್ಕವನ್ನು ನಾವು ನಮ್ಮದೇ ಕಾರಿಗಾಗಿ ಹಾಕಬೇಕಾಗಿ ಬಂದಿತ್ತು. ಅದನ್ನೇ ಇಲ್ಲಿ ಕೊಡುತ್ತಿದ್ದೇವೆ.

ನಮ್ಮದು ಮಿತ್ಸುಬಿಷಿ ಎವೊ 8. ಅಮೆರಿಕದಲ್ಲಿ 2003ರಲ್ಲಿ ಮಾರಾಟಕ್ಕೆ ಬಂದ ಮಾದರಿ. ಇದರ 4ಜಿ63 ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು. ಬೋರ್ 85 ಮಿ.ಮೀ., ಸ್ಟ್ರೋಕ್ 88 ಮಿ.ಮೀ., ಒಟ್ಟು 1997 ಸಿಸಿ, 271 ಅಶ್ವಶಕ್ತಿ. ಊರಿನಲ್ಲಿ ಮೆಕ್ಯಾನಿಕ್ "ಎಂಜಿನ್ ಬೋರಿಗೆ ಬಂದಿದೆ ಸಾರ್" ಎಂದದ್ದನ್ನು ಕೇಳಿದವರಿಗೆ, ಬೋರ್ ಮಾಡಿಸಿದರೆ ಸಿಸಿ ಹೆಚ್ಚಾಗುತ್ತದಲ್ಲ ಎನ್ನಿಸಬಹುದು. ಹೆಚ್ಚಾಗುತ್ತದೆ, ಆದರೆ ಅರ್ಧ ಮಿ.ಮೀ. ಕೊರೆಸಿದರೆ ಸಿಗುವುದು ಬರೀ 24 ಸಿಸಿ! ದೊಡ್ಡ ಹೆಚ್ಚಳ ಬರುವುದು ಸ್ಟ್ರೋಕ್‌ನಿಂದ. ಇದೇ ಕುಟುಂಬದ 4ಜಿ64 ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನ ಸ್ಟ್ರೋಕ್ 100 ಮಿ.ಮೀ. ಅದನ್ನು ಹೊಂದುವ ಪಿಸ್ಟನ್‌ಗಳೊಂದಿಗೆ 85.5 ಮಿ.ಮೀ. ಬೋರಿನಲ್ಲಿ ಕೂರಿಸಿದರೆ ಸುಮಾರು 2297 ಸಿಸಿ ಆಗುತ್ತದೆ. ಅಂದರೆ ಶೇ. 15 ಹೆಚ್ಚು.

ಇದೇ ಶೇ. 15ರಷ್ಟು ಹೆಚ್ಚು ಗಾಳಿಯನ್ನು ಎಂಜಿನ್ ಬಿಚ್ಚದೆಯೂ ಪಡೆಯಬಹುದು. ಬೂಸ್ಟ್ 1.3 ಬಾರ್ ಇದ್ದಾಗ ವಾತಾವರಣದ ಒತ್ತಡವೂ ಸೇರಿ ಒಳಗಿನ ಒಟ್ಟು ಒತ್ತಡ 2.3 ಬಾರ್. ಅದರ ಮೇಲೆ ಶೇ. 15 ಎಂದರೆ ಸುಮಾರು 2.65, ಅಂದರೆ ಬೂಸ್ಟ್ 1.65 ಬಾರ್. ಕಾಗದದ ಮೇಲೆ ಎರಡೂ ಒಂದೇ. ಆದರೆ ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಅದು ಬಿಸಿಯಾಗುತ್ತದೆ, ಬಿಸಿಯಾದರೆ ನಾಕಿಂಗ್ ಶುರು. ಹಾಗಾಗಿ ಒಳ್ಳೆಯ ಇಂಟರ್‌ಕೂಲರ್, ಸಾಕಷ್ಟು ಪೆಟ್ರೋಲ್ ಸುರಿಯುವ ಇಂಜೆಕ್ಟರ್ ಮತ್ತು ಪಂಪ್, ಸರಿಯಾದ ಇಸಿಯು ಟ್ಯೂನಿಂಗ್ ಬೇಕಾಗುತ್ತವೆ. ಕ್ಯಾಲಿಫೋರ್ನಿಯಾದ 91 ಆಕ್ಟೇನ್‌ನಲ್ಲಿ ಸಿಗುವ ಅವಕಾಶ 93 ಸಿಗುವ ರಾಜ್ಯಗಳಿಗಿಂತ ಕಡಿಮೆ. ಇ85 ಎಥನಾಲ್ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸುಮಾರು ಶೇ. 30 ಹೆಚ್ಚು ಇಂಧನ ಕುಡಿಯುತ್ತದೆ.

ಹಾಗಾದರೆ ಸಿಸಿ ಹೆಚ್ಚಿಸಿದರೆ ಏನು ಲಾಭ? ಟರ್ಬೊ ಬೇಗ ಎದ್ದೇಳುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಸಿಗುತ್ತದೆ, ಫ್ರೀವೇ ಸೇರುವಾಗ ಕಾಲಿನ ಕೆಳಗೇ ಇದ್ದಂತೆ. ಆದರೆ ಗರಿಷ್ಠ ಶಕ್ತಿಯನ್ನು ನಿರ್ಧರಿಸುವುದು ಟರ್ಬೊ ಎಷ್ಟು ಗಾಳಿ ತಳ್ಳಬಲ್ಲದು ಎಂಬುದು. ಟರ್ಬೊ ಆಗಲೇ ಏದುಸಿರು ಬಿಡುತ್ತಿದ್ದರೆ, ದೊಡ್ಡ ಎಂಜಿನ್ ಅದೇ ಶಕ್ತಿಯನ್ನು ಇನ್ನಷ್ಟು ಕೆಳಗಿನ ಆರ್‌ಪಿಎಂನಲ್ಲಿ ಕೊಡುತ್ತದೆ, ಅಷ್ಟೇ. ನಮ್ಮ ತಂತ್ರಾಂಶದ ಭಾಷೆಯಲ್ಲಿ ಹೇಳುವುದಾದರೆ, ನೆಟ್‌ವರ್ಕ್ ನಿಧಾನವಿರುವಾಗ ಪ್ರೊಸೆಸರ್ ಬದಲಿಸಿದ ಹಾಗೆ.

ಇನ್ನೊಂದು ಬೆಲೆಯೂ ಇದೆ. 7500 ಆರ್‌ಪಿಎಂನಲ್ಲಿ 88 ಮಿ.ಮೀ. ಸ್ಟ್ರೋಕ್‌ನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 22 ಮೀಟರ್. 100 ಮಿ.ಮೀ.ಗೆ ಅದು 25 ಮೀಟರ್. ಹಳೆಯ ವೇಗಕ್ಕೇ ನಿಲ್ಲಿಸಬೇಕೆಂದರೆ 6600ಕ್ಕೇ ಗೇರ್ ಬದಲಿಸಬೇಕು. ಎವೊ ಎಂಜಿನ್ನಿನ ಮಜಾ ಇರುವುದೇ ಅದರ ಮೇಲಿನ ಆರ್‌ಪಿಎಂನಲ್ಲಿ. ಜೊತೆಗೆ ನಡುಕವೂ ಹೆಚ್ಚು. ಹಿಂದಿನ ಸೀಟಿನಲ್ಲಿ ಮಗು ಮಲಗಿರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಕಾರಿನಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್ ಸದ್ದು ಮಾಡಿ ಎಂಜಿನ್ ಇಳಿಸಬೇಕಾಯಿತು. "ಹೇಗೂ ಬಿಚ್ಚಿದ್ದೇವೆ, 2.3 ಮಾಡಿಬಿಡೋಣ" ಎಂದು ವರ್ಕ್‌ಶಾಪಿನವರು ಹುರಿದುಂಬಿಸಿದರು. ಎರಡು ರಾತ್ರಿ ಎಕ್ಸೆಲ್ ಮುಂದೆ ಕೂತೆವು. ಕ್ರ್ಯಾಂಕ್ ಹಾಳಾಗಿದ್ದರೆ ಹೊಸದನ್ನು ಹೇಗೂ ಕೊಳ್ಳಬೇಕಿತ್ತು, ಆಗ 100 ಮಿ.ಮೀ.ಯದನ್ನೇ ಆರಿಸುವುದರಲ್ಲಿ ಅರ್ಥವಿತ್ತು. ಅಳತೆ ನೋಡಿದಾಗ ಪಾಲಿಶ್ ಮಾಡಿದರೆ ಸಾಕು ಎಂದಾಯಿತು. 88ರಲ್ಲೇ ಉಳಿದೆವು. ಉಳಿದ ದುಡ್ಡು ಗಟ್ಟಿ ರಾಡ್, ಬ್ರೇಕ್ ಪ್ಯಾಡ್ ಮತ್ತು ಟೈರಿಗೆ ಹೋಯಿತು. ಮನೆಯವರು ಮೆಚ್ಚಿದ್ದು ಬ್ರೇಕನ್ನು ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿರುವವರು ಕಾನೂನನ್ನೂ ನೋಡಬೇಕು. ಹೊಗೆಗೆ ಸಂಬಂಧಿಸಿದ ಬದಲಿ ಭಾಗಗಳಿಗೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. 2021ರ ಜುಲೈನಿಂದ ಸ್ಮಾಗ್ ಪರೀಕ್ಷೆಯಲ್ಲಿ ಇಸಿಯು ತಂತ್ರಾಂಶ ಬದಲಾಗಿದೆಯೇ ಎಂದೂ ನೋಡುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಇಡೀ ದೇಶದಲ್ಲೇ ಕಾನೂನುಬಾಹಿರ.

ಯಾವ ಬದಲಾವಣೆಗೂ ಮೊದಲು ಟೈಮಿಂಗ್ ಬೆಲ್ಟ್ ಬದಲಿಸಿದ ರಸೀದಿ ಇದೆಯೇ ನೋಡಿಕೊಳ್ಳಿ. 4ಜಿ63ರಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಆಮೇಲೆ 2.0 ಆದರೂ ಒಂದೇ, 2.3 ಆದರೂ ಒಂದೇ.